ಲ್ಯಾಪ್‌ಟಾಪ್‌ಗೆ ಪುಟ್ಟ ವೈಫೈ ಕಾರ್ಡ್: ಯಾರಿಗೆ ಯಾವುದು ಹೊಂದುತ್ತದೆ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಒಂದೇ ತೊಂದರೆ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ಮನೆಗೆ ಫೈಬರ್ ಸಂಪರ್ಕ ಬಂದಿದೆ, ರೌಟರ್ ಹೊಸದು, ಫೋನಿನಲ್ಲಿ ವೇಗವೂ ಚೆನ್ನಾಗಿದೆ. ಆದರೆ ಲ್ಯಾಪ್‌ಟಾಪ್ ಮಾತ್ರ ಹಿಂದೆ ಬೀಳುತ್ತಿದೆ. ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ಚಿಕ್ಕ ಯುಎಸ್‌ಬಿ ವೈಫೈ ಅಡಾಪ್ಟರುಗಳನ್ನೂ ಒಳಗೆ ಕೂರಿಸುವ ಕಾರ್ಡುಗಳನ್ನೂ ತೋರಿಸುತ್ತಾರೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಲ್ಯಾಪ್‌ಟಾಪಿನ ವಯಸ್ಸು, ಅದರೊಳಗಿನ ಸ್ಲಾಟು, ಆಂಟೆನಾ ಮತ್ತು ಮನೆಯ ಗೋಡೆ ಇವೆಲ್ಲವನ್ನೂ ನೋಡಿ ನಿರ್ಧರಿಸಬೇಕಾದ ಸಂಗತಿಯಾಗಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಗುಳೇದಗುಡ್ಡದಲ್ಲಿ ಪ್ರೌಢಶಾಲಾ ಶಿಕ್ಷಕಿ. ನನ್ನ ಲ್ಯಾಪ್‌ಟಾಪ್ 2014ರಲ್ಲಿ ಕೊಂಡದ್ದು, ಅದರಲ್ಲಿ ವಿಂಡೋಸ್ 10 ಇದೆ. ನಮ್ಮದು ಹಳೆಯ ಕಲ್ಲಿನ ಮನೆ. ರೌಟರ್ ಪಡಸಾಲೆಯಲ್ಲಿದೆ, ನಾನು ಕೆಲಸ ಮಾಡುವುದು ಒಳಕೋಣೆಯಲ್ಲಿ. ಸಂಪರ್ಕ 100 ಎಂಬಿಪಿಎಸ್‌ನದು. ರೌಟರಿನ ಪಕ್ಕದಲ್ಲಿ ಫೋನಿಗೆ 90ಕ್ಕಿಂತ ಹೆಚ್ಚು ವೇಗ ಸಿಗುತ್ತದೆ, ಅದೇ ಜಾಗದಲ್ಲಿ ಲ್ಯಾಪ್‌ಟಾಪ್ 35–40 ದಾಟುವುದಿಲ್ಲ, ಒಳಕೋಣೆಗೆ ಬಂದರೆ ವಿಡಿಯೊ ಸಭೆಯೇ ನಿಂತುಹೋಗುತ್ತದೆ. ಅಂಗಡಿಯವರು ಉಗುರಿನಷ್ಟೇ ಇರುವ ಯುಎಸ್‌ಬಿ ಅಡಾಪ್ಟರ್ ಸಾಕೆನ್ನುತ್ತಾರೆ, ದುರಸ್ತಿ ಮಾಡುವವರೊಬ್ಬರು ಒಳಗಿನ ಕಾರ್ಡನ್ನೇ ಬದಲಿಸೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ರೌಟರಿನ ಪಕ್ಕದಲ್ಲೇ ಫೋನು ಮತ್ತು ಲ್ಯಾಪ್‌ಟಾಪ್ ಎರಡನ್ನೂ ಇಟ್ಟು ನೋಡಿದ್ದೀರಿ, ಇದು ತುಂಬ ಉಪಯುಕ್ತವಾದ ಪರೀಕ್ಷೆ. ಅಲ್ಲಿ ಗೋಡೆಯ ಅಡ್ಡಿಯೇ ಇಲ್ಲದಿದ್ದರೂ ಲ್ಯಾಪ್‌ಟಾಪ್ 40ಕ್ಕೆ ನಿಲ್ಲುತ್ತದೆಯೆಂದರೆ ಅಲ್ಲಿಯ ಮಿತಿ ಕಾರ್ಡಿನದ್ದು. ಆ ಕಾಲದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 802.11ಎನ್ ಎಂಬ ಹಳೆಯ ವೈಫೈ ಮಾದರಿಯ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ (ತರಂಗಗಳ ಬ್ಯಾಂಡಿನಲ್ಲಿ) ಮಾತ್ರ ಕೆಲಸ ಮಾಡುವ, ಒಂದೇ ಧಾರೆಯ (ಒಂದೇ ಆಂಟೆನಾದಿಂದ ದತ್ತಾಂಶ ಕಳಿಸುವ) ಕಾರ್ಡು ಇರುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ 150 ಎಂಬಿಪಿಎಸ್ ಎಂದು ಬರೆದಿದ್ದರೂ, ಆ ವೇಗ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಸಿಕ್ಕಾಗ ಮಾತ್ರ. ಅಕ್ಕಪಕ್ಕದ ಮನೆಗಳ ರೌಟರುಗಳಿಂದ ತುಂಬಿರುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಬಹುತೇಕ ರೌಟರುಗಳು 20 ಮೆಗಾಹರ್ಟ್ಸ್‌ಗೇ ನಿಲ್ಲುತ್ತವೆ, ಆಗ ಕಾರ್ಡು ಮತ್ತು ರೌಟರ್ ನಡುವಿನ ಲಿಂಕ್ ವೇಗ 72 ಎಂಬಿಪಿಎಸ್ ಆಗುತ್ತದೆ. ವೈಫೈಯಲ್ಲಿ ಲಿಂಕ್ ವೇಗದ ಶೇಕಡಾ ಐವತ್ತರಿಂದ ಅರವತ್ತರಷ್ಟೇ ನಿಜವಾದ ದತ್ತಾಂಶವಾಗಿ ಕೈಗೆ ಬರುತ್ತದೆ; ಉಳಿದದ್ದು ಸರದಿ ಕಾಯುವುದಕ್ಕೆ, ಸ್ವೀಕೃತಿ ತಿಳಿಸುವುದಕ್ಕೆ, ತಪ್ಪಿದ್ದನ್ನು ಮತ್ತೆ ಕಳಿಸುವುದಕ್ಕೆ ಖರ್ಚಾಗುತ್ತದೆ. ನಿಮಗೆ ಸಿಗುತ್ತಿರುವ 35–40 ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ತೆರೆದು, ವೈಫೈ ಹೆಸರಿನ ಪ್ರಾಪರ್ಟೀಸ್ ಪುಟದ ಕೆಳಭಾಗಕ್ಕೆ ಹೋದರೆ ಪ್ರೋಟೊಕಾಲ್, ಪಟ್ಟಿ ಮತ್ತು ಲಿಂಕ್ ವೇಗ ಇವು ಕಾಣುತ್ತವೆ. ಅಲ್ಲಿ 802.11ಎನ್, 2.4 ಗಿಗಾಹರ್ಟ್ಸ್, 72 ಎಂದಿದ್ದರೆ ನಮ್ಮ ಊಹೆ ಖಚಿತವಾಯಿತು.

ಈಗ ಅಂಗಡಿಯವರ ಮಾತಿಗೆ ಬರೋಣ. ಉಗುರಿನ ಗಾತ್ರದ ಯುಎಸ್‌ಬಿ ಅಡಾಪ್ಟರುಗಳಲ್ಲಿ ಎರಡು ಬಗೆಗಳಿವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಎನ್150 ಎಂದಿರುವುದು ನಿಮ್ಮ ಲ್ಯಾಪ್‌ಟಾಪಿನೊಳಗೆ ಈಗಾಗಲೇ ಇರುವ ಕಾರ್ಡಿನ ತಮ್ಮನೇ. ಅದಕ್ಕೆ ಹಣ ಕೊಟ್ಟರೆ ಏನೂ ಬದಲಾಗುವುದಿಲ್ಲ. ಎಸಿ600 ಎಂದಿರುವುದು 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಈ 600 ಎಂಬುದು 2.4ರ 150 ಮತ್ತು 5ರ 433 ಇವೆರಡನ್ನು ಕೂಡಿಸಿ, ಮೇಲಕ್ಕೆ ದುಂಡಗೆ ಮಾಡಿ ಬರೆದ ಸಂಖ್ಯೆ. ಒಂದು ಅಡಾಪ್ಟರ್ ಒಂದು ಸಮಯಕ್ಕೆ ಒಂದು ಪಟ್ಟಿಯಲ್ಲಿ ಮಾತ್ರ ಇರುವುದರಿಂದ ನಿಮಗೆ ಲೆಕ್ಕಕ್ಕೆ ಬರುವುದು 433 ಮಾತ್ರ. ಆದರೂ ಅದರ ಅರ್ಧವೆಂದು ಹಿಡಿದರೂ ನಿಮ್ಮ 100 ಎಂಬಿಪಿಎಸ್ ಸಂಪರ್ಕಕ್ಕೆ ಅದು ಧಾರಾಳವಾಗಿ ಸಾಕು, ಪಡಸಾಲೆಯಲ್ಲಿ ಕುಳಿತು ಕೆಲಸ ಮಾಡುವುದಾದರೆ. ಒಳಕೋಣೆಯಲ್ಲಿ ಹಾಗಾಗುವುದಿಲ್ಲ. ಪಕ್ಕದ ಓಣಿಯಲ್ಲಿ ಭಜನೆ ನಡೆದಾಗ ಡೊಳ್ಳಿನ ಸದ್ದು ಗೋಡೆ ದಾಟಿ ಬಂದು ತಾಳದ ಸದ್ದು ಅಲ್ಲೇ ಉಳಿಯುವ ಹಾಗೆ, 2.4 ಗಿಗಾಹರ್ಟ್ಸ್ ತರಂಗ ಕಲ್ಲಿನ ಗೋಡೆಯಲ್ಲಿ ತಕ್ಕಮಟ್ಟಿಗೆ ನುಗ್ಗುತ್ತದೆ, 5 ಗಿಗಾಹರ್ಟ್ಸ್ ತರಂಗ ಅದಕ್ಕಿಂತ ಬಹಳ ಬೇಗ ಸೋಲುತ್ತದೆ. ಕಲ್ಲು ಮತ್ತು ಮಣ್ಣು ಸೇರಿಸಿ ಕಟ್ಟಿದ ನಮ್ಮ ಕಡೆಯ ದಪ್ಪ ಗೋಡೆಗಳು ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತವೆ, ಆದರೆ ವೈಫೈಗೆ ಅವು ಅತ್ಯಂತ ಕಠಿಣವಾದ ಅಡ್ಡಿ. ಅವು ಮಳೆಗಾಲದಲ್ಲಿ ತೇವ ಹೀರಿಕೊಂಡಾಗ ಸಂಕೇತ ಇನ್ನಷ್ಟು ಕುಗ್ಗುತ್ತದೆ.

ಇದರ ಜೊತೆಗೆ ಗಾತ್ರದ ಸಮಸ್ಯೆಯೂ ಇದೆ, ಮತ್ತು ಈ ಇಡೀ ವಿಷಯದಲ್ಲಿ ನಾವು ಎಲ್ಲಕ್ಕಿಂತ ಮುಖ್ಯವೆಂದು ಒತ್ತಿ ಹೇಳಬಯಸುವುದು ಇದನ್ನೇ. ವೈಫೈ ಕಾರ್ಡು ಚಿಕ್ಕದಾದಷ್ಟೂ ಅದರಲ್ಲಿ ಕಡಿತವಾಗುವುದು ಚಿಪ್ ಅಲ್ಲ, ಆಂಟೆನಾ. ಚಿಪ್ ಹೇಗಿದ್ದರೂ ಚಿಕ್ಕದೇ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 3 ಸೆಂಟಿಮೀಟರ್ ಉದ್ದದ ಆಂಟೆನಾಕ್ಕೆ ಜಾಗವಿದ್ದರೆ ಒಳ್ಳೆಯದು. ಉಗುರಿನಷ್ಟು ಅಡಾಪ್ಟರಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಸರ್ಕ್ಯೂಟ್ ಹಲಗೆಯ ಮೂಲೆಯಲ್ಲಿ ಮಡಿಸಿ ಕೊರೆದ ಒಂದು ಸಣ್ಣ ತಾಮ್ರದ ಗೆರೆಯೋ, ಅಕ್ಕಿಕಾಳಿನಷ್ಟರ ಸೆರಾಮಿಕ್ ತುಂಡೋ ಆಂಟೆನಾದ ಕೆಲಸ ಮಾಡಬೇಕಾಗುತ್ತದೆ. ಅದೂ ಲ್ಯಾಪ್‌ಟಾಪಿನ ಅಂಚಿಗೆ, ಯುಎಸ್‌ಬಿ ಪೋರ್ಟಿನ ಲೋಹದ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತದೆ. ಒಳಗೆ ಕೂರಿಸುವ ಕಾರ್ಡು ಕೂಡ ಚಿಕ್ಕದೇ. ಆದರೆ ಅದರ ಆಂಟೆನಾಗಳು ಕಾರ್ಡಿನ ಮೇಲಿಲ್ಲ. ಕಾರ್ಡಿನಿಂದ ಹೊರಡುವ ತೆಳುವಾದ ತಂತಿಗಳು ಲ್ಯಾಪ್‌ಟಾಪಿನ ಕೀಲಿನೊಳಗಿಂದ ಹಾದು ಪರದೆಯ ಸುತ್ತಲಿನ ಚೌಕಟ್ಟಿಗೆ ಹೋಗುತ್ತವೆ, ಅಲ್ಲಿ ಎತ್ತರದಲ್ಲಿ, ಸಾಕಷ್ಟು ಜಾಗದಲ್ಲಿ ಆಂಟೆನಾಗಳನ್ನು ಅಂಟಿಸಿರುತ್ತಾರೆ. ಆದ್ದರಿಂದ ಗೋಡೆಯಾಚೆ ಕುಳಿತು ಕೆಲಸ ಮಾಡುವವರಿಗೆ, ಚಿಪ್ಪಿನ ಶಕ್ತಿ ಸಮವಾಗಿದ್ದರೂ, ಒಳಗಿನ ಕಾರ್ಡೇ ಸಾಮಾನ್ಯವಾಗಿ ಮೇಲು.

ಹಾಗೆಂದು ದುರಸ್ತಿಗಾರರಿಗೆ ತಕ್ಷಣ ಒಪ್ಪಿಗೆ ಕೊಟ್ಟುಬಿಡಬೇಡಿ. ಮೊದಲು ಲ್ಯಾಪ್‌ಟಾಪಿನ ಕೆಳಮುಚ್ಚಳ ತೆಗೆಸಿ ಕಾರ್ಡಿಗೆ ಎಷ್ಟು ತಂತಿಗಳು ಸೇರಿವೆ ಎಂದು ನೋಡಿ. ಒಂದೇ ಧಾರೆಯ ಕಾರ್ಡು ಹಾಕಿದ್ದ ಅಗ್ಗದ ಮಾದರಿಗಳಲ್ಲಿ ಕೆಲವು ತಯಾರಕರು ಒಂದೇ ಆಂಟೆನಾ ಎಳೆದಿರುತ್ತಾರೆ. ಎರಡು ತಂತಿಗಳಿದ್ದರೆ, ಸಾಮಾನ್ಯವಾಗಿ ಒಂದು ಬಿಳಿ ಒಂದು ಕಪ್ಪು, ಎರಡು ಧಾರೆಯ ಕಾರ್ಡಿನ ಪೂರ್ಣ ಲಾಭ ಸಿಗುತ್ತದೆ. ಒಂದೇ ಇದ್ದರೆ ಹೊಸ ಕಾರ್ಡಿನ ಅರ್ಧ ಸಾಮರ್ಥ್ಯ ಸುಮ್ಮನೆ ಕುಳಿತಿರುತ್ತದೆ. ಎರಡನೆಯದಾಗಿ ಸ್ಲಾಟನ್ನು ಗುರುತಿಸಬೇಕು. 2014ರ ಆಸುಪಾಸು ಬದಲಾವಣೆಯ ಕಾಲವಾದ್ದರಿಂದ ಎರಡರಲ್ಲಿ ಯಾವುದೂ ಇರಬಹುದು: 30 ಮಿಲಿಮೀಟರ್ ಅಗಲ, 26.8 ಮಿಲಿಮೀಟರ್ ಉದ್ದದ ಅರ್ಧ ಗಾತ್ರದ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು, ಇಲ್ಲವೇ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2 ಕಾರ್ಡು. ಇವೆರಡರ ಆಂಟೆನಾ ಕೊಂಡಿಗಳ ಅಳತೆಯೂ ಬೇರೆ, ಎಂ.2 ಕಾರ್ಡಿನ ಕೊಂಡಿ ಇನ್ನೂ ಚಿಕ್ಕದು. ಹಳೆಯ ತಂತಿಯನ್ನು ಹೊಸ ಅಳತೆಯ ಕೊಂಡಿಗೆ ಒತ್ತಿ ಕೂರಿಸಲು ಹೋದರೆ ಮುರಿಯುವುದು ನಿಶ್ಚಿತ.

ಮೂರನೆಯದು ಬಯಾಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಒಳ ತಂತ್ರಾಂಶ) ಹಾಕುವ ಬೀಗ. ಕೆಲವು ತಯಾರಕರು ತಮ್ಮ ಹಳೆಯ ಮಾದರಿಗಳಲ್ಲಿ, ತಾವು ಪಟ್ಟಿ ಮಾಡಿದ ಕಾರ್ಡುಗಳನ್ನು ಬಿಟ್ಟು ಬೇರೆ ಯಾವ ಕಾರ್ಡನ್ನು ಹಾಕಿದರೂ ಲ್ಯಾಪ್‌ಟಾಪ್ ಶುರುವಾಗದಂತೆ ಮಾಡಿದ್ದಾರೆ. ಕಾರ್ಡು ಚೆನ್ನಾಗಿಯೇ ಇರುತ್ತದೆ, ಸ್ಲಾಟಿಗೂ ಹೊಂದುತ್ತದೆ, ಆದರೆ ಪರದೆಯ ಮೇಲೆ ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡು ಎಂಬ ಸಂದೇಶ ಬಂದು ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಗ್ರಾಹಕರು ತಮ್ಮ ಹಣದಲ್ಲಿ ಕೊಂಡ ಯಂತ್ರಕ್ಕೆ ಇಂತಹ ಬೀಗ ಹಾಕುವುದು ಸರಿಯಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ, ಆದರೂ ವಾಸ್ತವ ಹಾಗಿದೆ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಂಡು, ಅದರಲ್ಲಿ ವೈರ್‌ಲೆಸ್ ಕಾರ್ಡುಗಳೆಂದು ಕೊಟ್ಟಿರುವ ಬಿಡಿಭಾಗಗಳ ಪಟ್ಟಿಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ ಕಾರ್ಡೊಂದು ಇದೆಯೇ ಎಂದು ನೋಡಿದರೆ ಅತ್ಯಂತ ಸುರಕ್ಷಿತ. ಹಾಗಿದ್ದರೆ ಅದನ್ನೇ, ಅದೇ ಬಿಡಿಭಾಗ ಸಂಖ್ಯೆಯೊಂದಿಗೆ ತರಿಸಿ. ಬೀಗವಿಲ್ಲದ ಯಂತ್ರವಾದರೆ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಇಂಟೆಲ್ 7260 ಎಸಿ ಕಾರ್ಡು ಸಾಕು, ಎಂ.2 ಸ್ಲಾಟಿಗೆ ಇಂಟೆಲ್ 8265 ಅಥವಾ ಎಎಕ್ಸ್200 ನೋಡಬಹುದು. 7260 ಮತ್ತು 8265 ಎರಡು ಧಾರೆಗಳಲ್ಲಿ 867 ಎಂಬಿಪಿಎಸ್ ಲಿಂಕ್ ಕೊಡುತ್ತವೆ. ಎಎಕ್ಸ್200 ಕಾರ್ಡಿಗೆ ವಿಂಡೋಸ್ 10ರ 64 ಬಿಟ್ ಆವೃತ್ತಿ ಬೇಕು ಎಂಬುದನ್ನು ಮರೆಯಬೇಡಿ.

ಕೆಲಸ ಮಾಡಿಸುವಾಗ ಚಾರ್ಜರ್ ಕಳಚಿ, ಬ್ಯಾಟರಿಯ ಸಂಪರ್ಕ ಬಿಡಿಸಿದ ಮೇಲೆಯೇ ಕಾರ್ಡು ಮುಟ್ಟಬೇಕು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ನಮ್ಮ ಭಾಗದ ಒಣಹವೆಯಲ್ಲಿ ಮೈಮೇಲೆ ಸ್ಥಾಯಿ ವಿದ್ಯುತ್ ಸುಲಭವಾಗಿ ಸೇರುತ್ತದೆ, ಆದ್ದರಿಂದ ಮೊದಲು ಯಾವುದಾದರೂ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುವುದು ಒಳ್ಳೆಯದು. ಆಂಟೆನಾ ಕೊಂಡಿಯನ್ನು ನೇರವಾಗಿ ಮೇಲಕ್ಕೆ ಎತ್ತಬೇಕು, ನೇರವಾಗಿ ಕೆಳಕ್ಕೆ ಒತ್ತಬೇಕು. ಈ ಕೊಂಡಿಗಳನ್ನು ಮತ್ತೆ ಮತ್ತೆ ತೆಗೆದು ಹಾಕುವುದಕ್ಕೆಂದು ಮಾಡಿರುವುದಿಲ್ಲ. ಸುಮಾರು 30 ಸಲ ತೆಗೆದು ಹಾಕಿದರೆ ಅವುಗಳ ಆಯುಷ್ಯ ಮುಗಿಯುತ್ತದೆ.

ಇನ್ನು ನಿಮ್ಮ ವಿಷಯದಲ್ಲಿ ನಮ್ಮ ತೀರ್ಮಾನ. ಎರಡು ತಂತಿಗಳಿದ್ದು, ಬೀಗವಿಲ್ಲದಿದ್ದು, ಈ ಲ್ಯಾಪ್‌ಟಾಪನ್ನು ಇನ್ನೂ ಕೆಲವು ವರ್ಷ ಬಳಸುವ ಇಚ್ಛೆ ಇದ್ದರೆ ಒಳಗಿನ ಕಾರ್ಡನ್ನೇ ಬದಲಿಸಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 2014ರ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಬೇಗನೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇದ್ದರೆ ಹಳೆಯ ಸ್ಲಾಟಿನ ಕಾರ್ಡು ಮುಂದೆ ಯಾವುದಕ್ಕೂ ಬರುವುದಿಲ್ಲ, ಯುಎಸ್‌ಬಿ ಅಡಾಪ್ಟರಾದರೆ ಮನೆಯ ಬೇರೆ ಕಂಪ್ಯೂಟರಿಗಾದರೂ ಬಳಕೆಗೆ ಬರುತ್ತದೆ. ಹಾಗೆ ಯುಎಸ್‌ಬಿ ಆರಿಸಿದರೆ ಉಗುರಿನಷ್ಟದ್ದನ್ನು ಬಿಟ್ಟು, ಮಡಿಸಬಹುದಾದ ಹೊರ ಆಂಟೆನಾ ಇರುವ ಎಸಿ1200 ಅಥವಾ ಎಸಿ1300 ಮಾದರಿಯದನ್ನು ಕೊಳ್ಳಿ, ಜೊತೆಗೆ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತೆಗೆದುಕೊಳ್ಳಿ. ಅಡಾಪ್ಟರನ್ನು ಬಾಗಿಲಿನ ನೇರಕ್ಕೆ ಸರಿಸಿಟ್ಟರೆ ಸಂಕೇತ ಗೋಡೆಯ ಬದಲು ತೆರೆದ ಬಾಗಿಲಿನಿಂದ ಬರುತ್ತದೆ, ಎಷ್ಟೋ ಸಲ ಕಾರ್ಡಿನ ಗುಣಕ್ಕಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ. ಇಷ್ಟಾದರೂ ಒಳಕೋಣೆಯಲ್ಲಿ ಸಾಲದಿದ್ದರೆ ತಪ್ಪು ಕಾರ್ಡಿನದ್ದಲ್ಲ. ಪಡಸಾಲೆಯ ರೌಟರಿನಿಂದ ಬಾಗಿಲ ಚೌಕಟ್ಟಿನ ಮೇಲ್ಗಡೆಯಲ್ಲಿ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ, ಒಳಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಪ್ರಸಾರ ಮಾಡುವ ಪೆಟ್ಟಿಗೆ) ಇಡಿಸಿ. ಕಲ್ಲಿನ ಮನೆಗಳಿಗೆ ಅದಕ್ಕಿಂತ ಖಚಿತವಾದ ಉಪಾಯವಿಲ್ಲ.

ಪ್ರಶ್ನೆ: ವಿಜಯಪುರದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಎಂಡಿ ಪ್ರೊಸೆಸರ್ ಇದೆ. ವೈಫೈ ಆಗಾಗ ಕಡಿತವಾಗುತ್ತಿದ್ದುದರಿಂದ ಇಂಟೆಲ್ ಎಎಕ್ಸ್201 ಕಾರ್ಡು ತರಿಸಿದೆ. ಸ್ಲಾಟಿನಲ್ಲಿ ಸರಿಯಾಗಿ ಕೂತಿತು, ಆದರೆ ಲ್ಯಾಪ್‌ಟಾಪಿಗೆ ಅಂತಹ ಕಾರ್ಡು ಇರುವುದೇ ಗೊತ್ತಾಗುತ್ತಿಲ್ಲ. ಕಾರ್ಡು ಕೆಟ್ಟದ್ದು ಬಂದಿದೆಯೇ?

ಉತ್ತರ: ಕಾರ್ಡು ಬಹುಶಃ ಚೆನ್ನಾಗಿಯೇ ಇದೆ, ಆದರೆ ಅದು ನಿಮ್ಮ ಯಂತ್ರಕ್ಕೆ ಮಾಡಿದ್ದಲ್ಲ. ಸಾಮಾನ್ಯ ವೈಫೈ ಕಾರ್ಡಿನಲ್ಲಿ ರೇಡಿಯೋ ಭಾಗ ಮತ್ತು ದತ್ತಾಂಶದ ಕಟ್ಟುಗಳನ್ನು ಜೋಡಿಸಿ ಸರದಿಯಲ್ಲಿ ಕಳಿಸುವ ನಿಯಂತ್ರಕ ಭಾಗ ಎರಡೂ ಇರುತ್ತವೆ, ಅದು ಪಿಸಿಐ ಎಕ್ಸ್‌ಪ್ರೆಸ್ ದಾರಿಯ ಮೂಲಕ ಯಾವ ಪ್ರೊಸೆಸರಿನೊಂದಿಗಾದರೂ ಮಾತಾಡುತ್ತದೆ. ಇಂಟೆಲ್ ತನ್ನ ಸಿಎನ್‌ವಿಐ ಎಂಬ ವ್ಯವಸ್ಥೆಯಲ್ಲಿ ನಿಯಂತ್ರಕ ಭಾಗವನ್ನು ತನ್ನದೇ ಚಿಪ್‌ಸೆಟ್ ಅಥವಾ ಪ್ರೊಸೆಸರಿನೊಳಗೆ ಸೇರಿಸಿ, ಕಾರ್ಡಿನಲ್ಲಿ ರೇಡಿಯೋ ಭಾಗವನ್ನು ಮಾತ್ರ ಉಳಿಸಿದೆ. ಎಎಕ್ಸ್201, ಎಎಕ್ಸ್211 ಮತ್ತು ಅವಕ್ಕೂ ಹಿಂದಿನ 9560 ಇಂತಹ ಅರ್ಧ ಕಾರ್ಡುಗಳು. ಅವುಗಳ ಇನ್ನರ್ಧ ಇರುವ ಇಂಟೆಲ್ ಯಂತ್ರದಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ. ಎಎಂಡಿ ಯಂತ್ರಕ್ಕೂ, ಆ ವ್ಯವಸ್ಥೆ ಬರುವ ಮೊದಲಿನ ಇಂಟೆಲ್ ಯಂತ್ರಕ್ಕೂ ಅವು ಕಾಣಿಸುವುದೇ ಇಲ್ಲ. ಸ್ಲಾಟಿನ ಆಕಾರ ಒಂದೇ ಆಗಿರುವುದರಿಂದ ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮಂತೆ ಎಷ್ಟೋ ಮಂದಿ ಹೀಗೆ ಸಿಕ್ಕಿಬಿದ್ದಿದ್ದಾರೆ.

ಅಂಕೆಯಲ್ಲಿ ಒಂದು ಸುಳಿವಿದೆ. ಎಎಕ್ಸ್ ಸರಣಿಯಲ್ಲಿ ಕೊನೆಯ ಅಂಕೆ 0 ಆಗಿರುವ ಎಎಕ್ಸ್200 ಮತ್ತು ಎಎಕ್ಸ್210 ಪೂರ್ಣ ಕಾರ್ಡುಗಳು, 1 ಆಗಿರುವವು ಅರ್ಧ ಕಾರ್ಡುಗಳು. ಹಳೆಯ ಸರಣಿಯಲ್ಲಿ 9260 ಪೂರ್ಣ, 9560 ಅರ್ಧ. ಹಿಂದಿರುಗಿಸುವ ಅವಧಿ ಮುಗಿದಿರದಿದ್ದರೆ ಎಎಕ್ಸ್201 ವಾಪಸು ಮಾಡಿ ಎಎಕ್ಸ್210 ತೆಗೆದುಕೊಳ್ಳಿ. ಮೀಡಿಯಾಟೆಕ್‌ನ ಎಂಟಿ7922 ಚಿಪ್ಪಿರುವ ಕಾರ್ಡು ಕೂಡ ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಇಂಟೆಲ್‌ನ ಬಿಇ200 ಕಾರ್ಡಿಗೆ ಮನಸೋಲಬೇಡಿ, ಎಎಂಡಿ ಯಂತ್ರಗಳಲ್ಲಿ ಅದು ಅನೇಕ ಕಡೆ ನಡೆಯುವುದಿಲ್ಲ.

ಕೊಳ್ಳುವ ಮೊದಲು ಇನ್ನೊಂದನ್ನು ಗಮನಿಸಿ. ಇವುಗಳಲ್ಲಿ ಬ್ಲೂಟೂತ್ ಕೂಡ ಇರುತ್ತದೆ, ಆದರೆ ಅದು ಅದೇ ಸ್ಲಾಟಿನ ಯುಎಸ್‌ಬಿ ತಂತುಗಳ ಮೂಲಕ ಸಂಪರ್ಕ ಪಡೆಯುತ್ತದೆ. ಹಳೆಯ ಕಾರ್ಡಿನಲ್ಲಿ ಬ್ಲೂಟೂತ್ ನಡೆಯುತ್ತಿದ್ದರೆ ಹೊಸದರಲ್ಲೂ ನಡೆಯುತ್ತದೆ ಎಂದು ನಂಬಬಹುದು. ತೀರ ತೆಳ್ಳನೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. ಅಂಥವರಿಗೆ ಯುಎಸ್‌ಬಿ ಬಿಟ್ಟು ಬೇರೆ ದಾರಿಯಿಲ್ಲ.

ಪ್ರಶ್ನೆ: ಗೋಕಾಕದಲ್ಲಿ ಮನೆಗೆ ವೈಫೈ 6 ರೌಟರ್ ಹಾಕಿಸಿದೆವು. ಅಂದಿನಿಂದ ನಮ್ಮ ತಂದೆಯವರ ಲ್ಯಾಪ್‌ಟಾಪಿನಲ್ಲಿ ನಮ್ಮ ವೈಫೈ ಹೆಸರೇ ಕಾಣಿಸುತ್ತಿಲ್ಲ, ಪಕ್ಕದ ಮನೆಯವರದು ಕಾಣುತ್ತದೆ. ಹೊಸ ಕಾರ್ಡು ಕೊಳ್ಳಲೇಬೇಕೇ?

ಉತ್ತರ: ಈಗಲೇ ಕೊಳ್ಳಬೇಡಿ. ಪಕ್ಕದ ಮನೆಯ ಹೆಸರು ಕಾಣುತ್ತದೆಯೆಂದರೆ ಕಾರ್ಡಿಗೆ ಜೀವವಿದೆ. ವೈಫೈ 6 ರೌಟರು ಹೊರಡಿಸುವ ಪ್ರಕಟಣೆಯಲ್ಲಿ ಹಳೆಯ ಕಾರ್ಡುಗಳ ಡ್ರೈವರಿಗೆ (ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ) ಅರ್ಥವಾಗದ ಹೊಸ ಅಂಶಗಳಿರುತ್ತವೆ, ಅವನ್ನು ಕಂಡು ಕೆಲವು ಹಳೆಯ ಡ್ರೈವರುಗಳು ಆ ಹೆಸರನ್ನೇ ತಳ್ಳಿಹಾಕುತ್ತವೆ. ಕಾರ್ಡಿನ ತಯಾರಕರ ತಾಣದಿಂದ ಹೊಸ ಡ್ರೈವರ್ ಹಾಕಿದರೆ ಬಹುತೇಕ ಸರಿಹೋಗುತ್ತದೆ. ಆಗಲೂ ಕಾಣದಿದ್ದರೆ ರೌಟರಿನ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಎಎಕ್ಸ್, ಅಂದರೆ ವೈಫೈ 6, ವಿಧಾನವನ್ನು ನಿಲ್ಲಿಸಿ ನೋಡಿ. ಭದ್ರತೆಯ ಆಯ್ಕೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಅದನ್ನು ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಇರುವ ಮಿಶ್ರ ಆಯ್ಕೆಗೆ ಬದಲಿಸಿ; 2018ರಲ್ಲಿ ಬಂದ ಡಬ್ಲ್ಯುಪಿಎ3 ಅದಕ್ಕಿಂತ ಹಿಂದಿನ ಅನೇಕ ಕಾರ್ಡುಗಳಿಗೆ ತಿಳಿಯದು. ಲ್ಯಾಪ್‌ಟಾಪ್ 2.4 ಮಾತ್ರ ಬಲ್ಲದ್ದಾಗಿದ್ದು, ರೌಟರಿನಲ್ಲಿ 5 ಮಾತ್ರ ಚಾಲೂ ಇದ್ದರೂ ಇದೇ ಲಕ್ಷಣ ಕಾಣುತ್ತದೆ.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಒಂದು ಸಣ್ಣ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಂಡೆ. ಸಿಕ್ಕಿಸಿದರೆ ಅದು ಸಿಡಿ ಡ್ರೈವ್ ಆಗಿ ಕಾಣಿಸುತ್ತದೆ, ಅದರೊಳಗೆ ವಿಂಡೋಸ್ ಡ್ರೈವರ್ ಮಾತ್ರ ಇದೆ. ಗೆಳೆಯನದು ಅದೇ ಕಂಪನಿಯ ಅದೇ ಮಾದರಿ, ಅವನ ಉಬುಂಟುವಿನಲ್ಲಿ ಸುಮ್ಮನೆ ನಡೆಯುತ್ತದೆ. ಹೀಗೇಕೆ?

ಉತ್ತರ: ಅದು ಸಿಡಿ ಡ್ರೈವ್ ಆಗಿ ಕಾಣುವುದು ದೋಷವಲ್ಲ. ಡ್ರೈವರನ್ನು ಪ್ರತ್ಯೇಕ ಸಿಡಿಯಲ್ಲಿ ಕೊಡುವ ಬದಲು ಅಡಾಪ್ಟರಿನೊಳಗೇ ಇಟ್ಟು, ಮೊದಲು ತಾನೊಂದು ಸಿಡಿ ಎಂದು ಪರಿಚಯಿಸಿಕೊಂಡು, ಡ್ರೈವರ್ ಹಾಕಿದ ಮೇಲೆ ವೈಫೈ ಸಾಧನವಾಗಿ ಬದಲಾಗುವಂತೆ ಅದನ್ನು ರೂಪಿಸಿದ್ದಾರೆ. ಲಿನಕ್ಸಿನಲ್ಲಿ ಈ ಬದಲಾವಣೆಯನ್ನು ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಣ್ಣ ತಂತ್ರಾಂಶ ಮಾಡುತ್ತದೆ. ಅದನ್ನು ಹಾಕಿಕೊಂಡು ಅಡಾಪ್ಟರನ್ನು ತೆಗೆದು ಮತ್ತೆ ಸಿಕ್ಕಿಸಿ ನೋಡಿ. ಕಾಣುವ ಸಿಡಿಯನ್ನು ಇಜೆಕ್ಟ್ ಮಾಡಿದರೂ ಕೆಲವು ಅಡಾಪ್ಟರುಗಳು ರೂಪ ಬದಲಿಸುತ್ತವೆ.

ಆದರೆ ನಿಮ್ಮ ಗೆಳೆಯನ ಅನುಭವದ ಹಿಂದೆ ಬೇರೊಂದು ಕಾರಣವಿರುವ ಸಾಧ್ಯತೆ ಹೆಚ್ಚು. ಅಡಾಪ್ಟರ್ ಮಾರುವ ಕಂಪನಿಗಳು ಮಾದರಿಯ ಹೆಸರನ್ನು ಹಾಗೇ ಉಳಿಸಿಕೊಂಡು ಒಳಗಿನ ಚಿಪ್ಪನ್ನು ಬದಲಿಸುತ್ತವೆ, ಅಂಟುಚೀಟಿಯ ಮೇಲೆ ವಿ1, ವಿ2, ವಿ3 ಎಂದು ಸಣ್ಣ ಅಕ್ಷರದಲ್ಲಿ ಮಾತ್ರ ಅದನ್ನು ಸೂಚಿಸುತ್ತವೆ. ಲಿನಕ್ಸ್ ಬಳಸುವವರು ಪೆಟ್ಟಿಗೆಯ ಹೆಸರನ್ನು ಪಕ್ಕಕ್ಕಿಟ್ಟು ಚಿಪ್ಪಿನ ಹೆಸರನ್ನು ನೋಡಿ ಕೊಳ್ಳಬೇಕು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆದೇಶ ಕೊಟ್ಟರೆ ಬರುವ, ನಾಲ್ಕು ನಾಲ್ಕು ಅಕ್ಷರಗಳ ಎರಡು ಗುರುತುಗಳಿಂದ ನಿಮ್ಮದು ಯಾವ ಚಿಪ್ ಎಂದು ತಿಳಿಯುತ್ತದೆ.

ಮೀಡಿಯಾಟೆಕ್‌ನ ಎಂಟಿ7610ಯು ಮತ್ತು ಎಂಟಿ7612ಯು ಚಿಪ್ಪುಗಳ ಡ್ರೈವರುಗಳು ಲಿನಕ್ಸ್ ಕರ್ನಲಿನ (ಅದರ ತಿರುಳು ಭಾಗದ) 4.19ನೇ ಆವೃತ್ತಿಯಿಂದ ಅದರೊಳಗೇ ಇವೆ, ಸಿಕ್ಕಿಸಿದರೆ ಸಾಕು. ವೈಫೈ 6 ಬೇಕಾದವರಿಗೆ ಎಂಟಿ7921ಎಯು ಇದೆ. ರಿಯಲ್‌ಟೆಕ್ ಚಿಪ್ಪಿನ ಅಗ್ಗದ ಅಡಾಪ್ಟರುಗಳೇ ಖಡೇ ಬಜಾರಿನಿಂದ ಹಿಡಿದು ಆನ್‌ಲೈನ್ ಮಳಿಗೆಯವರೆಗೆ ಎಲ್ಲೆಲ್ಲೂ ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ ಬಹುಕಾಲ ಹೊರಗಿನಿಂದ ಡ್ರೈವರ್ ತಂದು ತಾವೇ ಕಂಪೈಲ್ ಮಾಡಿ ಸಿದ್ಧಪಡಿಸಿಕೊಳ್ಳಬೇಕಾಗಿತ್ತು, ಕರ್ನಲ್ ನವೀಕರಣವಾದಾಗಲೆಲ್ಲ ಅದು ನಿಂತುಹೋಗುತ್ತಿತ್ತು. ಕರ್ನಲ್ 6.2ರಿಂದ ಈಚೆಗೆ ಅವುಗಳ ಪೈಕಿ ಕೆಲವಕ್ಕೆ ಒಳಗೇ ಬೆಂಬಲ ಬಂದಿದೆ, ಆದ್ದರಿಂದ ಹೊಸ ಉಬುಂಟು ಹಾಕಿಕೊಂಡರೆ ನಿಮ್ಮದೂ ನಡೆಯಬಹುದು. ನೆಟ್‌ವರ್ಕ್ ಪ್ರಯೋಗಾಲಯದ ಅಭ್ಯಾಸಕ್ಕಾಗಿ ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂಚಾರವನ್ನೆಲ್ಲ ಆಲಿಸುವ ವಿಧಾನ) ಬೇಕಿದ್ದರೆ ಎಥೆರಾಸ್ ಎಆರ್9271 ಚಿಪ್ಪಿನ ಅಡಾಪ್ಟರ್ ಹಳೆಯದಾದರೂ ನೆಚ್ಚಿಕೆಗೆ ಅರ್ಹ, ಆದರೆ ಅದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು. ಅಂತಹ ಅಭ್ಯಾಸವನ್ನು ಸ್ವಂತ ರೌಟರಿನ ಮೇಲೆ ಮಾತ್ರ ಮಾಡಿ. ಹಾಸ್ಟೆಲಿನ ಅಥವಾ ಪಕ್ಕದವರ ನೆಟ್‌ವರ್ಕಿನೊಳಗೆ ಅನುಮತಿಯಿಲ್ಲದೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಇಂಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇವೆ. ಒಂದೇ ಹಾಲಿನಲ್ಲಿ ಹಳೆಯ ಲ್ಯಾಪ್‌ಟಾಪುಗಳಿವೆ, ಒಳಗಿನ ವೈಫೈ ಕೆಟ್ಟಿದೆ. ದೊಡ್ಡ ಆಂಟೆನಾದ ಅಡಾಪ್ಟರ್ ಹಾಕಿದರೆ ಮಕ್ಕಳ ಕೈ ತಾಗಿ ಮುರಿಯುತ್ತವೆ. ಉಗುರಿನ ಗಾತ್ರದವು ನಡೆಯುತ್ತವೆಯೇ?

ಉತ್ತರ: ಖಂಡಿತ ನಡೆಯುತ್ತವೆ, ನಿಮ್ಮಂಥವರಿಗಾಗಿಯೇ ಅವು ಇರುವುದು. ರೌಟರ್ ಅದೇ ಹಾಲಿನಲ್ಲಿದ್ದು ನಡುವೆ ಗೋಡೆಯಿಲ್ಲದಿರುವಾಗ ಚಿಕ್ಕ ಆಂಟೆನಾದಿಂದ ಆಗುವ ನಷ್ಟ ಗಣನೆಗೆ ಬರುವುದಿಲ್ಲ, ಹೊರಚಾಚದ ಅಡಾಪ್ಟರ್ ಪೋರ್ಟಿನ ಬಾಳಿಕೆಯನ್ನೂ ಕಾಯುತ್ತದೆ. ಆದರೆ ಬೆಲೆ ಕಡಿಮೆಯೆಂದು ಎನ್150 ಮಾತ್ರ ತರಬೇಡಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಎಂದು ಮೂರೇ, ನಿಮ್ಮ ಎಲ್ಲ ಲ್ಯಾಪ್‌ಟಾಪುಗಳೂ ಒಂದೇ ರೌಟರಿನ ಒಂದೇ ಚಾನೆಲಿನಲ್ಲಿ ಸರದಿ ಹಂಚಿಕೊಳ್ಳುತ್ತವೆ. ನಿಧಾನವಾದ ಕಾರ್ಡು ತನ್ನ ಸರದಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಎಲ್ಲರೂ ಕಾಯಬೇಕಾಗುತ್ತದೆ. ಎಸಿ600 ತಂದು, ಎಲ್ಲವನ್ನೂ 5 ಗಿಗಾಹರ್ಟ್ಸ್‌ಗೆ ಸೇರಿಸಿ. ಅದಕ್ಕೆ ಯುಎಸ್‌ಬಿ 2.0 ಪೋರ್ಟು ಸಾಕು, ಅದರ 480 ಎಂಬಿಪಿಎಸ್ ಒಂದು ಧಾರೆಯ ಕಾರ್ಡಿಗೆ ಹೊಂದಿಕೊಳ್ಳುತ್ತದೆ. 2.4ರಲ್ಲೇ ಇರಬೇಕಾದ ಲ್ಯಾಪ್‌ಟಾಪಿದ್ದರೆ ಅದರ ಅಡಾಪ್ಟರಿನ ಪಕ್ಕದ ಪೋರ್ಟಿಗೆ ಯುಎಸ್‌ಬಿ 3.0 ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಹಾಕದಂತೆ ಮಕ್ಕಳಿಗೆ ತಿಳಿಸಿ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಇದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ಪ್ರಕಟಿಸಿದೆ. ಬೇಸಿಗೆಯಲ್ಲಿ ಈ ಅಡಾಪ್ಟರುಗಳು ಮುಟ್ಟಿದರೆ ಬಿಸಿ ಎನಿಸುವಷ್ಟು ಕಾಯುತ್ತವೆ. ನಿಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಂಪರ್ಕ ಕಡಿತವಾಗತೊಡಗಿದರೆ ಒಂದೆರಡು ನಿಮಿಷ ಹೊರತೆಗೆದು ತಣಿಸಿ ಹಾಕಿ. ಹೀಗೆ ಹಲವು ಒಟ್ಟಿಗೆ ಕೊಳ್ಳುವಾಗ, ಬಿಲ್ಲು ಮತ್ತು ಖಾತರಿ ಇರುವ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ವೈರ್‌ಲೆಸ್ ಸಾಧನಗಳಿಗೆ ಕೊಡುವ ಇಟಿಎ ಅನುಮೋದನೆ ಪಡೆದ ಮಾದರಿಯನ್ನೇ ಕೇಳಿ. ಮೊದಲು ಒಂದನ್ನು ತಂದು ಹಾಲಿನ ದೂರದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವನ್ನು ತರಿಸಿ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿದ್ದೇವೆ. ಲ್ಯಾಪ್‌ಟಾಪಿಗೆ ಹೊಸ ಕಾರ್ಡು ಹಾಕಿಸುವುದಾದರೆ ವೈಫೈ 6ಇ ಅಥವಾ ವೈಫೈ 7 ಹಾಕಿಸುವುದು ಜಾಣತನವೇ?

ಉತ್ತರ: 6ಇ ಕಾರ್ಡಿನ ವಿಶೇಷವೆಂದರೆ 6 ಗಿಗಾಹರ್ಟ್ಸ್ ಪಟ್ಟಿ, ಅದು ಉಪಯೋಗಕ್ಕೆ ಬರಬೇಕಾದರೆ ರೌಟರೂ ಆ ಪಟ್ಟಿಯಲ್ಲಿ ಪ್ರಸಾರ ಮಾಡಬೇಕು. ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತಾರವಾದ ಭಾಗಗಳು ಪರವಾನಗಿಯಿಲ್ಲದ ಬಳಕೆಗೆ ತೆರೆದದ್ದು 2018ರಲ್ಲಿ. 6 ಗಿಗಾಹರ್ಟ್ಸ್‌ನಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಕಡಿಮೆ ಶಕ್ತಿಯ ಒಳಾಂಗಣ ಬಳಕೆಗೆ ಬಿಡುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇಂಟರ್‌ನೆಟ್ ಕಂಪನಿಯವರು ಮನೆಗೆ ಕೊಟ್ಟುಹೋಗುವ ರೌಟರುಗಳು ಸಾಮಾನ್ಯವಾಗಿ 2.4 ಮತ್ತು 5 ಮಾತ್ರ ಬಲ್ಲವು. ನಿಮ್ಮ ಸಂಪರ್ಕ 100ರಿಂದ 300 ಎಂಬಿಪಿಎಸ್ ಒಳಗಿನದಾದರೆ, ಎರಡು ಧಾರೆಯಲ್ಲಿ 80 ಮೆಗಾಹರ್ಟ್ಸ್ ಚಾನೆಲಿನಲ್ಲೇ 1201 ಎಂಬಿಪಿಎಸ್ ಲಿಂಕ್ ಕೊಡುವ ವೈಫೈ 6 ಕಾರ್ಡು ಬೇಕಾದಷ್ಟಾಯಿತು. ಎಎಕ್ಸ್200ಕ್ಕೂ 6ಇ ಇರುವ ಎಎಕ್ಸ್210ಕ್ಕೂ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಎರಡನೆಯದನ್ನೇ ಹಾಕಿಸಿ, ಮುಂದೆ ರೌಟರ್ ಬದಲಿಸಿದಾಗ ಪ್ರಯೋಜನಕ್ಕೆ ಬರುತ್ತದೆ. ವೈಫೈ 7 ಕಾರ್ಡಿಗೆ ಹೊಸ ರೌಟರು ಬೇಕು, ವಿಂಡೋಸ್ 11ರ ಹೊಸ ಆವೃತ್ತಿಯೂ ಬೇಕು. ಆ ಹಣವನ್ನು ಸದ್ಯಕ್ಕೆ ಒಳ್ಳೆಯ ರೌಟರಿಗೆ ಹಾಕುವುದು ಮೇಲು.